ಲೆವೆಲ್ ಏರಿದಷ್ಟೂ ಏಟು ಜಾಸ್ತಿ ತಿನ್ನುವುದು ಯಾಕೆ?

ಪ್ರಶ್ನೆ: ಅಣ್ಣಾ, ನಾನು ಚಿಂತಾಮಣಿಯಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ನನ್ನ ಹತ್ತಿರ ಇರುವುದು ಹಳೇ ಲ್ಯಾಪ್‌ಟಾಪ್, ಅದಕ್ಕೇ 2006ರ ಆಬ್ಲಿವಿಯನ್ ಹಾಕಿಕೊಂಡು ಆಡುತ್ತಿದ್ದೇನೆ. ಈಗ ಲೆವೆಲ್ 14. ಮೊದಮೊದಲು ಮೂರು ಏಟಿಗೆ ಬೀಳುತ್ತಿದ್ದ ಗಾಬ್ಲಿನ್ ಅನ್ನುವ ಪುಟ್ಟ ರಾಕ್ಷಸರು ಈಗ ಹದಿನೈದು ಏಟು ಹೊಡೆದರೂ ಬೀಳುತ್ತಿಲ್ಲ, ನಾನೇ ಬೀಳುತ್ತಿದ್ದೇನೆ. ನನ್ನ ಮೇಜರ್ ಸ್ಕಿಲ್‌ಗಳು ಬ್ಲೇಡ್, ಲೈಟ್ ಆರ್ಮರ್, ಅಥ್ಲೆಟಿಕ್ಸ್, ಆಕ್ರೋಬ್ಯಾಟಿಕ್ಸ್, ಆಲ್ಕೆಮಿ, ಮರ್ಕಂಟೈಲ್, ಸೆಕ್ಯುರಿಟಿ. ಎಂಡ್ಯೂರೆನ್ಸ್ (ತಾಳಿಕೆ) 40ರಿಂದ ಶುರುವಾಗಿತ್ತು, ಈಗ 44. ಎಲ್ಲಿ ತಪ್ಪಿದೆ? ಬೇರೆ ಆಟಗಳಲ್ಲೂ ಹೀಗೇನಾ? ಈ ಸೇವ್ (ಉಳಿಸಿಟ್ಟ ಆಟ) ಬಿಟ್ಟು ಹೊಸದಾಗಿ ಶುರು ಮಾಡಲಾ?

ಉತ್ತರ:

ತಮ್ಮಾ, ನಿನ್ನ ಕೈ ಓಡುತ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ನಿನ್ನ ಪಾತ್ರ ಬೆಳೆದಿದೆ, ಆದರೆ ಓಡುವುದರಲ್ಲಿ, ಹಾರುವುದರಲ್ಲಿ, ವ್ಯಾಪಾರ ಮಾಡುವುದರಲ್ಲಿ ಬೆಳೆದಿದೆ. ಗಾಬ್ಲಿನ್ ಬೆಳೆದಿರುವುದು ಹೊಡೆದಾಟದಲ್ಲಿ. ಇಷ್ಟೇ ವಿಷಯ. ಇದು ಹೇಗಾಯಿತು ಅಂತ ಗೊತ್ತಾದರೆ ಸರಿ ಮಾಡುವ ದಾರಿ ತಾನಾಗಿಯೇ ಕಾಣುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಬ್ಲಿವಿಯನ್‌ನಲ್ಲಿ ಎದುರಾಳಿಯನ್ನು ಕೊಂದರೆ ಪಾಯಿಂಟ್ ಸಿಗುವುದಿಲ್ಲ. ಒಟ್ಟು 21 ಸ್ಕಿಲ್ ಇವೆ, ಅದರಲ್ಲಿ ಶುರುವಿನಲ್ಲಿ ನಾವು ಆರಿಸಿಕೊಳ್ಳುವ 7 ಮೇಜರ್, ಮಿಕ್ಕ 14 ಮೈನರ್. ಆ ಏಳರಲ್ಲಿ ಎಲ್ಲಾ ಸೇರಿ ಹತ್ತು ಸಲ ಏರಿಕೆ ಆದರೆ, ಎಲ್ಲಾದರೂ ಹಾಸಿಗೆ ನೋಡಿ ಮಲಗಿದಾಗ ಲೆವೆಲ್ ಏರುತ್ತದೆ. ಆ ಹತ್ತು ಎಲ್ಲಿಂದ ಬಂತು ಅಂತ ಆಟ ಕೇಳುವುದೇ ಇಲ್ಲ. ಹತ್ತೂ ಕತ್ತಿಯಿಂದ ಬಂದರೂ ಒಂದು ಲೆವೆಲ್, ಊರಿಂದ ಊರಿಗೆ ಕುಪ್ಪಳಿಸಿಕೊಂಡು ಹೋಗಿದ್ದರಿಂದ ಬಂದರೂ ಒಂದೇ ಲೆವೆಲ್.

ಎದ್ದ ಮೇಲೆ ಮೂರು ಗುಣ ಆರಿಸಿಕೊಳ್ಳಲು ಕೊಡುತ್ತದೆ: ಸ್ಟ್ರೆಂತ್, ಎಂಡ್ಯೂರೆನ್ಸ್, ಸ್ಪೀಡ್ ಇಂಥವು. ಪ್ರತಿಯೊಂದರ ಪಕ್ಕ ಎಷ್ಟು ಸೇರುತ್ತದೆ ಅನ್ನುವ ಅಂಕಿ ಇರುತ್ತದೆ. ಆ ಅಂಕಿ ಸುಮ್ನೆ ಬರುವುದಲ್ಲ. ಲಕ್ ಬಿಟ್ಟರೆ ಒಂದೊಂದು ಗುಣದ ಕೆಳಗೂ ಮೂರು ಸ್ಕಿಲ್ ಇವೆ. ಹಿಂದಿನ ಲೆವೆಲ್‌ನಿಂದ ಈಚೆಗೆ ಆ ಮೂರರಲ್ಲಿ ಒಂದೂ ಏರಿಲ್ಲ ಅಂದರೆ ಸಿಗುವುದು 1. ಒಂದರಿಂದ ನಾಲ್ಕು ಸಲ ಏರಿದ್ದರೆ 2, ಐದರಿಂದ ಏಳಾದರೆ 3, ಎಂಟು ಒಂಬತ್ತಾದರೆ 4, ಹತ್ತು ಅಥವಾ ಮೇಲಾದರೆ 5. ಈ ಲೆಕ್ಕಕ್ಕೆ ಮೈನರ್ ಸ್ಕಿಲ್‌ನ ಏರಿಕೆಯೂ ಸೇರುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ, ನಿನಗೂ ಗೊತ್ತಿರಲಿಲ್ಲ ಅನ್ನಿಸುತ್ತೆ.

ಈಗ ನಿನ್ನದೇ ಒಂದು ಲೆವೆಲ್ ಬಿಚ್ಚಿ ನೋಡೋಣ. ನೀನು ಆರಿಸಿಕೊಂಡಿರುವ ಸ್ಕಿಲ್ ನೋಡಿದರೆ ಹೆಚ್ಚುಕಡಿಮೆ ಹೀಗಿರುತ್ತದೆ. ಓಡಿದ್ದಕ್ಕೆ ಅಥ್ಲೆಟಿಕ್ಸ್ 3, ಹಾರಿದ್ದಕ್ಕೆ ಆಕ್ರೋಬ್ಯಾಟಿಕ್ಸ್ 3, ಮದ್ದು ಅರೆದಿದ್ದಕ್ಕೆ ಆಲ್ಕೆಮಿ 2, ಅದನ್ನು ಮಾರಿದ್ದಕ್ಕೆ ಮರ್ಕಂಟೈಲ್ 1, ಕತ್ತಿ ಬೀಸಿದ್ದಕ್ಕೆ ಬ್ಲೇಡ್ 1. ಹತ್ತು ಮುಗಿಯಿತು. ಓಟ ಮತ್ತು ಹಾರಾಟ ಎರಡೂ ಸ್ಪೀಡ್ ಕೆಳಗೆ ಬರುವುದರಿಂದ ಅದಕ್ಕೆ 3 ಸಿಕ್ಕಿತು. ಇಂಟೆಲಿಜೆನ್ಸ್‌ಗೆ 2, ಸ್ಟ್ರೆಂತ್‌ಗೆ 2. ಎಂಡ್ಯೂರೆನ್ಸ್ ಕೆಳಗಿರುವ ಆರ್ಮರರ್ (ರಿಪೇರಿ), ಬ್ಲಾಕ್ (ಏಟು ತಡೆಯುವುದು), ಹೆವಿ ಆರ್ಮರ್ (ಭಾರದ ಕವಚ) ಮೂರನ್ನೂ ನೀನು ಮುಟ್ಟಿಲ್ಲ, ಅದಕ್ಕೇ 1. ಇಂಥದ್ದು ಹದಿಮೂರು ಸಲ ಆಯಿತು ಅಂದುಕೋ. ಕತ್ತಿಗೆ ಬಂದ ಏರಿಕೆ ಹದಿಮೂರೇ. ಆದರೆ ಕಾಡಿನಲ್ಲಿ, ಗವಿಯಲ್ಲಿ ಯಾರನ್ನು ನಿಲ್ಲಿಸಬೇಕು ಅಂತ ಆಟ ನಿರ್ಧಾರ ಮಾಡುವುದು ನಿನ್ನ ಲೆವೆಲ್ ಅಂಕಿ ನೋಡಿ. 14 ಅಂತ ಕಂಡರೆ 14ಕ್ಕೆ ತಕ್ಕವನನ್ನೇ ಕಳಿಸುತ್ತದೆ. ನೀನು ಯಾವುದರಲ್ಲಿ 14 ಆದೆ ಅನ್ನುವುದು ಅದಕ್ಕೆ ಬೇಡ. ಇನ್ನೂ ಮೇಲಕ್ಕೆ ಹೋದರೆ ರಸ್ತೆಬದಿಯ ದರೋಡೆಕೋರರು ಕೂಡ ಗ್ಲಾಸ್ ಆರ್ಮರ್ ಅನ್ನುವ ದುಬಾರಿ ಕವಚ ಹಾಕಿಕೊಂಡು ಬರುತ್ತಾರೆ, ನೋಡುತ್ತಿರು.

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ಅಮ್ಮ ರೇಷ್ಮೆ ಹುಳು ಸಾಕುತ್ತಿದ್ದರು. ನಿಮ್ಮ ಚಿಂತಾಮಣಿ ಕಡೆಯೂ ಸಾಕುತ್ತಾರಲ್ಲ, ನೋಡಿರುತ್ತೀಯ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಕಾಯಿಲೆಯ ಜ್ವರ ಅಲ್ಲ ಅದು. ತಲೆ ಎತ್ತಿಕೊಂಡು ಅಲ್ಲಾಡದೆ ಕೂತು ಪೊರೆ ಬಿಡುವ ಹೊತ್ತು. ಆಗ ಸೊಪ್ಪು ಹಾಕಬಾರದು, ಎಲ್ಲಾ ಹುಳುವೂ ಏಳುವ ತನಕ ಕಾಯಬೇಕು. ಎದ್ದರೆ ಒಂದು ಹಂತ ಮುಂದೆ ಹೋದಂತೆ. ಆಬ್ಲಿವಿಯನ್‌ನಲ್ಲಿ ಮಲಗಿ ಎದ್ದರೆ ಲೆವೆಲ್ ಏರುತ್ತದಲ್ಲ, ಅದನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾಗಿದ್ದು ನಮ್ಮ ಹುಳುವಿನ ಮನೆಯೇ. ಜ್ವರದ ಲೆಕ್ಕ ತೆಗೆದರೆ ಊರಿನ ಎಲ್ಲರ ಮನೆ ಹುಳುವೂ ನಾಲ್ಕೇ ಸಲ ಕೂರುವುದು. ಆದರೆ ಮಾರ್ಕೆಟ್‌ಗೆ ಗೂಡು ತೆಗೆದುಕೊಂಡು ಹೋದಾಗ ತೂಕ ಒಬ್ಬೊಬ್ಬರದು ಒಂದೊಂದು ತರ. ಜ್ವರಕ್ಕೂ ಜ್ವರಕ್ಕೂ ನಡುವೆ ಏನು ತಿನ್ನಿಸಿದೆವು ಅನ್ನುವುದರ ಮೇಲೆ ತೂಕ ನಿಲ್ಲುತ್ತದೆ.

ಇನ್ನೊಂದು ಮಾತನ್ನೂ ಅಮ್ಮ ಹೇಳುತ್ತಿದ್ದರು. ಮೊದಲ ಎರಡು ಹಂತ, ಅಂದರೆ ಚಾಕಿ, ಅಲ್ಲಿ ಸೊರಗಿದ ಹುಳುವಿಗೆ ಕೊನೆಯಲ್ಲಿ ಎಷ್ಟು ಸೊಪ್ಪು ಸುರಿದರೂ ಅದು ತುಂಬಿಕೊಳ್ಳುವುದಿಲ್ಲ ಅಂತ. ನಿನ್ನ ಎಂಡ್ಯೂರೆನ್ಸ್ ಕತೆ ಪೂರ್ತಿ ಇದೇ. ಪ್ರತಿ ಲೆವೆಲ್‌ಗೂ ಆಗಿನ ಎಂಡ್ಯೂರೆನ್ಸ್‌ನ ಹತ್ತನೇ ಒಂದು ಪಾಲು ಜೀವದ ಪಟ್ಟಿ, ಅಂದರೆ ಹೆಲ್ತ್‌ಗೆ ಸೇರುತ್ತದೆ. ನಿನ್ನದು 40ರ ಆಸುಪಾಸಿನಲ್ಲೇ ಇದ್ದಿದ್ದರಿಂದ ಸಲಕ್ಕೆ 4ರಂತೆ ಹದಿಮೂರು ಸಲಕ್ಕೆ 52 ಬಂತು. ಅದೇ 40ರಿಂದ ಶುರು ಮಾಡಿ ಪ್ರತಿ ಸಲವೂ 5 ಏರಿಸಿಕೊಂಡು ಬಂದವನಿಗೆ ಹನ್ನೆರಡು ಲೆವೆಲ್‌ಗೆ ಎಂಡ್ಯೂರೆನ್ಸ್ 100 ಮುಟ್ಟುತ್ತದೆ, ಹದಿಮೂರು ಸಲದ ಪಾಲು 90ರ ಹತ್ತಿರ ಹೋಗುತ್ತದೆ. ಅಂದರೆ 40ರಷ್ಟು ನೀನು ಬಿಟ್ಟುಕೊಟ್ಟಿದ್ದೀಯ. ಮುಂದೆ ನೀನೂ 100 ಮುಟ್ಟಬಹುದು, ಆದರೆ ಹಿಂದಿನ ಲೆವೆಲ್‌ಗಳ ಈ ಬಾಕಿಯನ್ನು ಆಟ ವಾಪಸ್ ಕೊಡುವುದಿಲ್ಲ. ಈ ಸರಣಿಯಲ್ಲಿ ಇದಕ್ಕೆ ಮೊದಲು 2002ರಲ್ಲಿ ಬಂದ ಮೊರೋವಿಂಡ್‌ನಲ್ಲೂ ಇದೇ ಪದ್ಧತಿ ಇತ್ತು.

ಇದನ್ನು ಕಂಡುಕೊಂಡವರು ಒಂದು ಉಪಾಯ ಮಾಡಿದರು. ತಾವು ಬಳಸದೇ ಇರುವ ಸ್ಕಿಲ್‌ಗಳನ್ನೇ ಮೇಜರ್ ಮಾಡಿಕೊಳ್ಳುವುದು, ಬೇಕಾದ ಸ್ಕಿಲ್‌ಗಳನ್ನು ಮೈನರ್‌ನಲ್ಲಿ ಇಟ್ಟುಕೊಂಡು ಹತ್ತು ಹತ್ತು ಏರಿಸುವುದು, ಆಮೇಲೆ ಬೇಕೆಂದಾಗ ಮೇಜರ್ ಏರಿಸಿ ಮಲಗುವುದು. ಹೀಗೆ ಪ್ರತಿ ಲೆವೆಲ್‌ಗೂ ಮೂರು ಗುಣಕ್ಕೆ 5, 5, 5 ಹಿಡಿಯಬಹುದು. ನಾನೂ ಒಂದು ಕಾಲದಲ್ಲಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಂಡು ಇದನ್ನು ಮಾಡಿದ್ದೇನೆ. ಬಲ ಬರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಗವಿಯೊಳಗೆ ಕತ್ತಿ ಬೀಸುವಾಗಲೂ "ಬ್ಲೇಡ್ ಇವತ್ತಿಗೆ ಸಾಕು, ಇನ್ನೊಂದು ಏರಿದರೆ ಲೆಕ್ಕ ಕೆಡುತ್ತದೆ" ಅಂತ ಕೈ ಹಿಡಿದುಕೊಳ್ಳಬೇಕಾಗುತ್ತದೆ, ಮುಂದೆ ಏನಿದೆ ಅಂತ ನೋಡುವ ಆಸೆಯೇ ಹೋಗಿಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಎಂಡ್ಯೂರೆನ್ಸ್ ಒಂದಕ್ಕೆ 5 ಹಿಡಿ. ಮಿಕ್ಕ ಎರಡಕ್ಕೆ ಎಷ್ಟು ಬರುತ್ತದೋ ಬರಲಿ. ತಡ ಮಾಡಿದರೆ ಕೈತಪ್ಪಿ ಹೋಗುವ ಲಾಭ ಅದೊಂದೇ, ಮಿಕ್ಕ ಗುಣಗಳು ನಿಧಾನವಾಗಿ ಬಂದರೂ ಕೊನೆಗೆ ಅಷ್ಟೇ ಕೆಲಸ ಮಾಡುತ್ತವೆ. 2025ರ ಏಪ್ರಿಲ್‌ನಲ್ಲಿ ಬಂದ ಇದೇ ಆಟದ ಹೊಸ ಆವೃತ್ತಿಯಲ್ಲಿ ಈ 1ರಿಂದ 5ರ ಲೆಕ್ಕವನ್ನೇ ತೆಗೆದುಹಾಕಿದ್ದಾರೆ. ಅಲ್ಲಿ ಪ್ರತಿ ಲೆವೆಲ್‌ಗೂ 12 ಪಾಯಿಂಟ್ ಕೊಡುತ್ತಾರೆ, ನಾವೇ ಹಂಚಿಕೊಳ್ಳಬಹುದು, ಮೈನರ್ ಸ್ಕಿಲ್ ಏರಿದರೂ ಲೆವೆಲ್‌ಗೆ ಸೇರುತ್ತದೆ. ನಿನ್ನ ಲ್ಯಾಪ್‌ಟಾಪ್‌ಗೆ ಅದು ಭಾರ ಆಗಬಹುದು, ಬಿಡು.

ಬೇರೆ ಆಟಗಳಲ್ಲೂ ಹೀಗೇನಾ ಅಂತ ಕೇಳಿದ್ದೀಯ. ಒಂದೊಂದು ಆಟದ ಕಟ್ಟು ಒಂದೊಂದು ತರ. ಯಾವ ಆಟ ಹಿಡಿದರೂ ನಾನು ಮೊದಲು ನೋಡುವುದು, ನಾನು ಲೆವೆಲ್ ಏರಿದರೆ ಎದುರಾಳಿಯೂ ಏರುತ್ತಾನಾ ಅನ್ನುವುದನ್ನು. 1999ರ ಫೈನಲ್ ಫ್ಯಾಂಟಸಿ 8ರಲ್ಲಿ ಏರುತ್ತಾನೆ, ನಿನ್ನ ತಂಡದ ಸರಾಸರಿ ಲೆವೆಲ್ ನೋಡಿಕೊಂಡು. ಆದರೆ ಅಲ್ಲಿ ನಿಜವಾದ ಬಲ ಇರುವುದು ಮಂತ್ರಗಳನ್ನು ಕೂಡಿಟ್ಟು ಮೈಗುಣಕ್ಕೆ ಜೋಡಿಸಿಕೊಳ್ಳುವುದರಲ್ಲಿ, ಅದಕ್ಕೆ ಲೆವೆಲ್ ಬೇಕಾಗಿಯೇ ಇಲ್ಲ. ಹಾಗಾಗಿ ಗೊತ್ತಿರುವವರು ಎದುರಾಳಿಗಳನ್ನು ಕೊಲ್ಲದೆ ಆಟದೊಳಗಿನ ಕಾರ್ಡ್ ಆಗಿ ಬದಲಿಸಿಕೊಳ್ಳುತ್ತಾರೆ. ಅದರಿಂದ ಲೆವೆಲ್ ಏರಿಸುವ ಅನುಭವ ಬರುವುದಿಲ್ಲ, ಹೊಸ ಶಕ್ತಿ ಕಲಿಯುವ ಪಾಯಿಂಟ್ ಮಾತ್ರ ಬರುತ್ತದೆ. ಕಡಿಮೆ ಲೆವೆಲ್‌ನಲ್ಲೇ ಇದ್ದುಕೊಂಡು ಆಟ ಮುಗಿಸುವುದು ಅಲ್ಲಿ ಸುಲಭದ ದಾರಿ. ಗಂಟೆಗಟ್ಟಲೆ ಕಾದಾಡಿ ಲೆವೆಲ್ ಏರಿಸಿಕೊಂಡವನಿಗೇ ಕಷ್ಟ ಜಾಸ್ತಿ.

ಎಲ್ಡನ್ ರಿಂಗ್ ತದ್ವಿರುದ್ಧ. ಅಲ್ಲಿ ಜಾಗಕ್ಕೆ ತಕ್ಕ ಎದುರಾಳಿ, ಅವನು ನಿನ್ನನ್ನು ನೋಡಿ ಬೆಳೆಯುವುದಿಲ್ಲ. ಸೋತರೆ ಬೇರೆ ಕಡೆ ಹೋಗಿ ಬೆಳೆದು ಬರಬಹುದು. ಅಲ್ಲಿ ಜನ ಎಡವುವುದು ಒಂದೇ ಗುಣಕ್ಕೆ ಸುರಿಯುವುದರಲ್ಲಿ. ಹೆಲ್ತ್ ಏರಿಸುವ ಗುಣ ವಿಗರ್ ತೆಗೆದುಕೋ. 25ಕ್ಕೆ ಹೆಲ್ತ್ 800, 40ಕ್ಕೆ 1450, 60ಕ್ಕೆ 1900, 99ಕ್ಕೆ 2100. ಭಾಗಿಸಿ ನೋಡು. 25ರಿಂದ 40ರ ತನಕ ಒಂದೊಂದು ಪಾಯಿಂಟ್‌ಗೂ 43ರಷ್ಟು ಸಿಗುತ್ತದೆ. 40ರಿಂದ 60ಕ್ಕೆ ಹೋಗುವಾಗ ಅದು 22ಕ್ಕೆ ಇಳಿಯುತ್ತದೆ. 60 ದಾಟಿದರೆ ಐದೇ ಐದು. ಹಸುವಿಗೆ ಬೂಸಾ ಹಾಕಿದ ಹಾಗೆ, ಮೊದಲ ಸೇರಿಗೆ ಹಾಲು ಏರುತ್ತದೆ, ನಾಲ್ಕನೇ ಸೇರಿಗೆ ಬೂಸಾ ಖರ್ಚಾಗುತ್ತದೆ. ಲೆವೆಲ್ ಏರಿದಂತೆ ಒಂದೊಂದು ಪಾಯಿಂಟ್‌ನ ಬೆಲೆಯೂ ಏರುತ್ತಾ ಹೋಗುವುದರಿಂದ ಇಲ್ಲಿ ಎರಡು ಕಡೆಯಿಂದ ನಷ್ಟ. ಹೊಸಬರು ಇನ್ನೊಂದು ತಪ್ಪು ಮಾಡುತ್ತಾರೆ, ಏಟು ಸಾಲುತ್ತಿಲ್ಲ ಅಂತ ಸ್ಟ್ರೆಂತ್‌ಗೆ ಪಾಯಿಂಟ್ ಹಾಕುತ್ತಾ ಹೋಗುತ್ತಾರೆ. ಆಟದ ಮೊದಲ ಭಾಗದಲ್ಲಿ ಆಯುಧವನ್ನು ಎರಡು ಮೂರು ಹಂತ ಮೇಲಕ್ಕೆ ಏರಿಸುವುದರಿಂದ ಬರುವ ಬಲದ ಮುಂದೆ ಆ ಪಾಯಿಂಟ್‌ಗಳು ಏನೂ ಅಲ್ಲ. ಮೊದಲು ವಿಗರ್, ಜೊತೆಗೆ ಆಯುಧ, ಆಮೇಲೆ ಮಿಕ್ಕಿದ್ದು.

ಬಾಲ್ಡರ್ಸ್ ಗೇಟ್ 3ರಲ್ಲಿ ಲೆವೆಲ್ 12ಕ್ಕೇ ನಿಲ್ಲುತ್ತದೆ, ಹಾಗಾಗಿ ಪ್ರತಿ ಲೆವೆಲ್ಲೂ ದುಬಾರಿ. ಅಲ್ಲಿ ಬೆಸ ಸಂಖ್ಯೆಯಲ್ಲಿ ಗುಣ ನಿಲ್ಲಿಸಬೇಡ. 16ಕ್ಕೂ 17ಕ್ಕೂ ಸಿಗುವ ಬೋನಸ್ ಒಂದೇ, 3. 18 ಆದರೆ 4. ಅಷ್ಟು ನೆನಪಿದ್ದರೆ ಸಾಕು, ತಪ್ಪಿದರೂ 100 ಚಿನ್ನ ಕೊಟ್ಟು ಪಾತ್ರವನ್ನು ಮತ್ತೆ ಕಟ್ಟಬಹುದು.

ಶೇಕಡಾ ಲೆಕ್ಕದ ಬಗ್ಗೆ ಮಾತ್ರ ಸ್ವಲ್ಪ ನಿಧಾನವಾಗಿ ಓದು, ಇದು ಎಲ್ಲಾ ಆಟದಲ್ಲೂ ಕೆಲಸಕ್ಕೆ ಬರುತ್ತದೆ. ನಿನ್ನ ಏಟು 100. ಅದಕ್ಕೆ ಈಗಾಗಲೇ 100% ಜಾಸ್ತಿ ಇದೆ, ಅಂದರೆ 200. ಇನ್ನೊಂದು ಉಂಗುರ 20% ಅನ್ನುತ್ತದೆ. ಅದು ಹಳೇ 100%ಗೆ ಕೂಡುವ ಜಾತಿಯದ್ದಾದರೆ 220 ಆಗುತ್ತದೆ, ನಿನಗೆ ನಿಜವಾಗಿ ಸಿಕ್ಕಿದ್ದು 10% ಮಾತ್ರ. ಒಟ್ಟು ಏಟಿಗೆ ಗುಣಿಸುವ ಜಾತಿಯದ್ದಾದರೆ 240. ಉಂಗುರದ ಮೇಲೆ ಬರೆದಿರುವುದು ಎರಡಕ್ಕೂ 20% ಅಂತಲೇ. ತಡೆಯುವ ಶಕ್ತಿಯಲ್ಲಿ ಇದು ಉಲ್ಟಾ ಆಗುತ್ತದೆ. ಬೆಂಕಿ ತಡೆಯುವುದು 0ಯಿಂದ 5%ಗೆ ಹೋದರೆ ನೂರರ ಏಟು 95 ಆಗುತ್ತದೆ, ಅಷ್ಟೇ. 70ರಿಂದ 75ಕ್ಕೆ ಹೋದರೆ 30ರ ಏಟು 25 ಆಗುತ್ತದೆ, ಆರನೇ ಒಂದು ಭಾಗ ಉಳಿಯಿತು. ಅದೇ ಐದು, ಮೇಲೆ ಹೋದಷ್ಟೂ ಬೆಲೆ ಜಾಸ್ತಿ. ಡಯಾಬ್ಲೊ 2ರಲ್ಲಿ ಈ ತಡೆಗೆ ಸಾಮಾನ್ಯವಾಗಿ 75ರ ಮಿತಿ ಇದೆ, ಅನುಭವಸ್ಥರು ಮಿಕ್ಕಿದ್ದೆಲ್ಲ ಬಿಟ್ಟು ಮೊದಲು ಅಲ್ಲಿಗೆ ಮುಟ್ಟಿಸುವುದು ಇದಕ್ಕೇ.

ಈಗ ನಿನ್ನ ಸೇವ್‌ಗೆ ಬರೋಣ. ನಿನ್ನನ್ನು ಕೆಡಿಸಿದ ಆಲ್ಕೆಮಿ ಇದೆಯಲ್ಲ, ಅದೇ ಈಗ ನಿನ್ನ ಕೈಯಲ್ಲಿರುವ ಒಳ್ಳೆ ಆಯುಧ. ಮದ್ದು ಅರೆಯುವವನು ವಿಷವನ್ನೂ ಅರೆಯಬಹುದು, ಅದನ್ನು ಕತ್ತಿಗೆ ಸವರಬಹುದು. ಆಬ್ಲಿವಿಯನ್ ಲೋಕದ ಬಾಗಿಲೊಳಗೆ ಹೋದಾಗ ಹರಾಡ ಬೇರು, ಸ್ಪಿಡಲ್ ಕಡ್ಡಿ ಅಂತ ಎರಡು ಗಿಡ ಕಾಣುತ್ತವೆ, ಕಂಡಲ್ಲೆಲ್ಲ ಕಿತ್ತುಕೋ. ಎರಡನ್ನೂ ಸೇರಿಸಿದರೆ ಹೆಲ್ತ್ ಕೊರೆಯುವ ವಿಷ ಆಗುತ್ತದೆ. ಒಂದು ಸಲ ಸವರಿದ್ದು ತಗಲುವುದು ಒಂದೇ ಏಟಿಗೆ, ಹಾಗಾಗಿ ಗುಂಪಿನಲ್ಲಿ ದೊಡ್ಡವನಿಗೆ ಇಟ್ಟುಕೋ. ಗಾಬ್ಲಿನ್ ಹದಿನೈದು ಏಟು ತಿನ್ನುತ್ತಿತ್ತು ಅಂದೆಯಲ್ಲ, ಎಷ್ಟಕ್ಕೆ ಇಳಿಯುತ್ತದೆ ಎಣಿಸು.

ಇನ್ನೊಂದು ವಿಷಯ, ನೀನು ಕುಪ್ಪಳಿಸಿಕೊಂಡೇ ಜಗಳಕ್ಕೆ ಹೋಗುತ್ತೀಯ ಅನ್ನಿಸುತ್ತದೆ. ಹಾರಿದರೆ ಹಸಿರು ಪಟ್ಟಿ, ಅಂದರೆ ಫಟೀಗ್, ಇಳಿಯುತ್ತದೆ. ಅದು ಪೂರ್ತಿ ಖಾಲಿಯಾದರೆ ಕತ್ತಿ ಏಟಿನ ಬಲ ಅರ್ಧಕ್ಕೆ ಬೀಳುತ್ತದೆ. ಗವಿಯ ಬಾಗಿಲಲ್ಲಿ ಒಂದು ನಿಮಿಷ ನಿಂತು ಪಟ್ಟಿ ತುಂಬಿಸಿಕೊಂಡು ಒಳಗೆ ಹೋಗು. ಕತ್ತಿ ಸವೆದಿದ್ದರೂ ಏಟು ಕಡಿಮೆ ಆಗುತ್ತದೆ. ಸುತ್ತಿಗೆ ಕೊಂಡು ನೀನೇ ರಿಪೇರಿ ಮಾಡು, ಅಂಗಡಿಯವನಿಗೆ ಕೊಡಬೇಡ. ಯಾಕೆಂದರೆ ರಿಪೇರಿ ಮಾಡಿದರೆ ಏರುವುದು ಆರ್ಮರರ್, ಅದು ಎಂಡ್ಯೂರೆನ್ಸ್ ಕೆಳಗಿನ ಸ್ಕಿಲ್.

ಮುಂದಿನ ಸಲ ಮಲಗುವ ಮೊದಲು ಆರ್ಮರರ್, ಬ್ಲಾಕ್, ಹೆವಿ ಆರ್ಮರ್ ಮೂರರಲ್ಲಿ ಸೇರಿ ಹತ್ತು ಏರಿಕೆ ಆಗಬೇಕು. ಅರ್ಧ ಕೊಂಡುಕೊಳ್ಳಬಹುದು. ಒಂದು ಲೆವೆಲ್‌ಗೆ ಐದು ಸಲ ಗುರುಗಳ ಹತ್ತಿರ ಕಲಿಯಲು ಬಿಡುತ್ತದೆ, ಫೀಸು ಆ ಸ್ಕಿಲ್‌ನ ಹತ್ತರಷ್ಟು ಚಿನ್ನ. ನಿನ್ನ ಹೆವಿ ಆರ್ಮರ್ 10 ಇದ್ದರೆ ನೂರು ಚಿನ್ನಕ್ಕೆ ಒಂದು ಏರಿಕೆ, ಮದ್ದು ಮಾರಿ ನೀನು ಸಂಪಾದಿಸಿರುವ ದುಡ್ಡಿಗೆ ಅದು ಏನೂ ಅಲ್ಲ. ಇನ್ನು ಐದಕ್ಕೆ ಹೆವಿ ಆರ್ಮರ್ ಹಾಕಿಕೊಂಡು, ಗುರಾಣಿ ಹಿಡಿದುಕೊಂಡು, ನೀರಿನ ಹತ್ತಿರ ಸಿಗುವ ಏಡಿಯಂಥ ಬಡಪಾಯಿಯ ಮುಂದೆ ನಿಲ್ಲು. ಅದು ಹೊಡೆಯಲಿ, ನೀನು ತಡೆಯುತ್ತಿರು, ಹೆಲ್ತ್ ಇಳಿದರೆ ವಾಸಿ ಮಾಡಿಕೊಳ್ಳುತ್ತಿರು. ಅಲ್ಲಿಯತನಕ ದಾರಿಯಲ್ಲಿ ಹಾರುವುದನ್ನು ಬಿಡು, ಊರಿಂದ ಊರಿಗೆ ಮ್ಯಾಪ್‌ನಲ್ಲಿ ಒತ್ತಿ ಹೋಗು. ಮೇಜರ್‌ನ ಹತ್ತು ತುಂಬಿ ಮಲಗುವ ಸೂಚನೆ ಬಂದರೂ ಅವಸರ ಇಲ್ಲ, ಮಲಗದಿದ್ದರೆ ಲೆವೆಲ್ ಏರುವುದಿಲ್ಲ, ಎದುರಾಳಿಯೂ ಏರುವುದಿಲ್ಲ. ಎಂಡ್ಯೂರೆನ್ಸ್ ಪಕ್ಕದಲ್ಲಿ 5 ಬರುತ್ತದೆ ಅಂತ ಖಾತ್ರಿಯಾದ ಮೇಲೆ ಹಾಸಿಗೆ ಹುಡುಕು.

ಇಷ್ಟಾದರೂ ಒಂದು ಗವಿ ತೀರಾ ಕಷ್ಟ ಅನ್ನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಡಿಫಿಕಲ್ಟಿ ಪಟ್ಟಿಯನ್ನು ನಡುವಿನಿಂದ ಸ್ವಲ್ಪ ಎಡಕ್ಕೆ ಎಳೆ. ಸ್ವಲ್ಪವೇ. ತುದಿಗೆ ಎಳೆದರೆ ನಿನ್ನ ಏಟು ಆರು ಪಟ್ಟಾಗಿ ಆಟದಲ್ಲಿ ರುಚಿಯೇ ಉಳಿಯುವುದಿಲ್ಲ.

ಸೇವ್ ಬಿಡಬೇಡ. ಮೇಲೆ ಲೆಕ್ಕ ಹಾಕಿದೆವಲ್ಲ, ಆ ಬಾಬ್ತಿನಲ್ಲಿ ಕಳೆದುಕೊಂಡಿರುವುದು 40ರಷ್ಟು ಹೆಲ್ತ್. ಅದನ್ನು ತುಂಬಿಕೊಡುವ ಮದ್ದನ್ನು ನೀನೇ ಅರೆಯುತ್ತೀಯ. 44ರಿಂದ ಸಲಕ್ಕೆ ಐದರಂತೆ ಹೋದರೆ ಹನ್ನೆರಡು ಲೆವೆಲ್‌ಗೆ ಎಂಡ್ಯೂರೆನ್ಸ್ 100 ಮುಟ್ಟುತ್ತದೆ, ಆಗ ನೀನು 26ರಲ್ಲಿರುತ್ತೀಯ. ಮೊದಲನೆಯ ಹತ್ತು ಏರಿಕೆಗೆ ಒಂದು ಸಂಜೆ ಸಾಕು. ಬ್ಲಾಕ್‌ನಿಂದ ಶುರು ಮಾಡು, ಮೂರರಲ್ಲಿ ಅದು ಬೇಗ ಕೈ ಹಿಡಿಯುತ್ತದೆ.